ಬಾಲಬೇರಿನ ಸಾರು

ಊರಿಗೆಲ್ಲ ರಕ್ತ ಹಂಚುವ ಮನೆಯ ಸೊಸೆಗೇ ರಕ್ತ ಸಾಲದು ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದರು. ಅದನ್ನು ಕೇಳಿ ಅತ್ತೆ ಬಾವ್ ಯೂಲ್ಯಾನ್‌ಗೆ ಮೊದಲು ಅವಮಾನವಾಯಿತು. ಭಯ ಆಮೇಲೆ ಬಂತು.

ಅವಮಾನವಾಗದೆ ಇನ್ನೇನು? ಮಿನ್ ಸೀಮೆಯ ಈ ಕಣಿವೆಯಲ್ಲಿ ದಾಂಗ್‌ಗ್ವೇ ಬೇರು ಬೆಳೆಯದ ಮನೆಯಿಲ್ಲ. ಚೀನಾದ ಯಾವ ಮೂಲೆಯಲ್ಲಿ ಹೆಣ್ಣೊಬ್ಬಳು ಬಿಳಿಚಿಕೊಂಡರೂ ನಾಡಿ ನೋಡುವವರ ಕೈ ಹೋಗುವುದು ಈ ಬೇರಿನ ಡಬ್ಬಕ್ಕೇ. ರಕ್ತ ಹುಟ್ಟಿಸುವ ಬೇರು ಎಂದೇ ಅದಕ್ಕೆ ಹೆಸರು. ಅದನ್ನು ಬಿತ್ತಿ, ಅಗೆದು, ಹೊಗೆಯಲ್ಲಿ ಒಣಗಿಸಿ ಮಾರುವ ಹೋವ್ ಮನೆತನದ ಸೊಸೆ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿದ್ದಾಳೆ ಎಂದರೆ ಜನ ಆಡಿಕೊಳ್ಳುವುದಿಲ್ಲವೇ?

ಮಗ ಜೆನ್‌ಲು ಹೆಂಡತಿಯನ್ನು ಕರೆದುಕೊಂಡು ಹೋಗಿ ಬಂದವನು, ಬೂಟು ಬಿಚ್ಚಿ, ಅಡಿಯಲ್ಲಿ ಉರಿಯಿಟ್ಟು ಬಿಸಿಮಾಡಿದ ಇಟ್ಟಿಗೆಯ ಜಗಲಿ ಹತ್ತಿ ಕುಳಿತ. ಅಲ್ಲೇ ಊಟ, ಅಲ್ಲೇ ಹಾಸಿಗೆ. ಹುಳಿನೀರಿನಲ್ಲಿ ಬೇಯಿಸಿದ ನೂಡಲ್ಸ್ ಬಟ್ಟಲನ್ನು ಅಮ್ಮ ಕೈಗಿತ್ತಳು. ಅವನು ಊಟದ ಕಡ್ಡಿಯಲ್ಲಿ ಕೆದಕಿದನೇ ಹೊರತು ತಿನ್ನಲಿಲ್ಲ.

"ಮೂಳೆಯೊಳಗೆ ಮಜ್ಜೆ ಅಂತ ಇರುತ್ತಂತೆ. ರಕ್ತ ಹುಟ್ಟೋದು ಅಲ್ಲೇ ಅಂತೆ. ಇವಳದ್ದು ಸೋಮಾರಿ ಆಗಿದೆಯಂತೆ."

"ಇವಳು ಒಂದು ದಿನ ಸುಮ್ಮನೆ ಕೂತೋಳಲ್ಲ. ಇವಳ ಮೂಳೆ ಯಾಕೆ ಸೋಮಾರಿ ಆಗುತ್ತೆ?" ಎಂದಳು ಯೂಲ್ಯಾನ್.

"ಹೋಗಿ ಡಾಕ್ಟರಮ್ಮನ್ನೇ ಕೇಳು. ಕೆಂಪು ಕಣ ಕಡಿಮೆ, ಬಿಳಿ ಕಣ ಕಡಿಮೆ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ಟೂ ಕಡಿಮೆ. ಮಾತ್ರೆ ಕೊಟ್ಟಿದ್ದಾರೆ. ಎರಡು ವಾರಕ್ಕೊಮ್ಮೆ ಬಂದು ತೋರಿಸ್ಬೇಕು. ಪ್ಲೇಟ್‌ಲೆಟ್ ತೀರಾ ಇಳಿದ್ರೆ ತಲೆ ಒಳಗೇ ರಕ್ತ ಸೋರಬಹುದಂತೆ. ಹಾಗಾದ್ರೆ..." ಎಂದವನು ಪಕ್ಕದಲ್ಲಿ ಕೂತ ಮಗಳು ತಾವ್‌ತಾವ್‌ಳನ್ನು ನೋಡಿ ಮಾತು ನುಂಗಿಕೊಂಡ.

ಸೊಸೆ ಶ್ಯೂಚಿನ್ ಏನೂ ಆಗಿಲ್ಲವೆಂಬಂತೆ ಮಗುವಿನ ಬಾಯಿ ಒರೆಸುತ್ತಿದ್ದಳು. "ಡಾಕ್ಟರಮ್ಮ ಒಳ್ಳೆಯವರು, ಅಮ್ಮ. ಮನೇಲಿ ಬೇರೆ ಔಷಧ ಏನಾದ್ರೂ ತಗೋತೀಯಾ ಅಂತ ಕೇಳಿದ್ರು. ಇಲ್ಲ ಅಂದೆ."

ಅವಳು ಸುಳ್ಳು ಹೇಳಿರಲಿಲ್ಲ. ದಾಂಗ್‌ಗ್ವೇ ಔಷಧವಾಗುವುದು ನಮ್ಮ ಕಣಿವೆ ದಾಟಿದ ಮೇಲೆ. ಇಲ್ಲಿ ಅದು ಆಲೂಗಡ್ಡೆಯ ಪಕ್ಕದ ಬುಟ್ಟಿಯಲ್ಲಿರುತ್ತದೆ. ಸಾರಿಗೆ ಬೀಳುತ್ತದೆ, ಕುರಿಮಾಂಸಕ್ಕೆ ಬೀಳುತ್ತದೆ, ನೆಗಡಿಯಾದ ಹಂದಿಮರಿಯ ಗಂಜಿಗೂ ಬೀಳುತ್ತದೆ. ದಿನಾ ಈರುಳ್ಳಿ ತಿನ್ನುತ್ತೇನೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

"ಮಾತ್ರೆ ಅವರು ಕೊಡ್ಲಿ. ರಕ್ತ ನಾನು ಕೊಡ್ತೀನಿ" ಎಂದಳು ಯೂಲ್ಯಾನ್.

ಮಾರನೆಯ ಬೆಳಿಗ್ಗೆ ಅವಳು ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದಳು. ಸುಮ್ಮನೆ ಮಾಡುವ ಕೆಲಸವಲ್ಲ ಅದು. ರೆಕ್ಕೆ ಪುಕ್ಕ ಕಿತ್ತು, ಕೈ ತೊಳೆದು, ಹೊಗೆಮನೆಗೆ ಹೋದಳು. ಅಲ್ಲಿ ಗಂಡ ವಾಂದ ಹಸಿ ಸೌದೆಗೆ ಬೆಂಕಿಯಿಕ್ಕಿ ಕೆಮ್ಮುತ್ತಿದ್ದ. ಮೇಲೆ ಅಟ್ಟಣಿಗೆಯ ತುಂಬ ಬೇರಿನ ಕಂತೆಗಳು. ಓಮದ ಕಷಾಯ ಸೀದು ಹೋದಂಥ ಘಾಟು ಮೂಗಿಗೆ ಅಡರುತ್ತಿತ್ತು.

ಈ ಬೇರಿಗೆ ಕುರಿಯ ಹಾಗೆ ತಲೆ, ಮೈ, ಬಾಲ ಉಂಟು. ಪೇಟೆಯಲ್ಲಿ ಹೊಸ ಗಿರಾಕಿ ಸಿಕ್ಕರೆ ವಾಂದ ನಿಂತಲ್ಲೇ ಪಾಠ ಶುರುಮಾಡುತ್ತಿದ್ದ. ದಪ್ಪ ತಲೆ ಹರಿಯುವ ರಕ್ತವನ್ನು ಹಿಡಿದು ನಿಲ್ಲಿಸುತ್ತದೆ, ಮೈ ರಕ್ತವನ್ನು ಬೆಳೆಸುತ್ತದೆ, ತೆಳ್ಳನೆಯ ಬಾಲ ಕಟ್ಟಿಕೊಂಡ ರಕ್ತವನ್ನು ಒಡೆದು ಓಡಿಸುತ್ತದೆ ಎಂದು ಬೆರಳು ಮಡಚಿ ಹೇಳುತ್ತಿದ್ದ. ತಲೆಗೆ ಹೆಚ್ಚು ಬೆಲೆ, ಮೈಗೆ ಅದಕ್ಕಿಂತ ಕಡಿಮೆ, ಬಾಲಕ್ಕೆ ಕೇಳುವವರೇ ಇಲ್ಲ. ಹಾಗಾಗಿ ತಲೆಯೂ ಮೈಯೂ ಲಾರಿ ಹತ್ತುತ್ತಿದ್ದವು, ಬಾಲ ಅಡುಗೆಮನೆಗೆ ಬರುತ್ತಿತ್ತು. ಪೇಟೆಯ ಪಾಠ ಮಾತ್ರ ಅದರ ಜೊತೆ ಬರುತ್ತಿರಲಿಲ್ಲ.

"ಮುದುಕಪ್ಪ, ಎರಡು ತಲೆಬೇರು ಇಳಿಸಿ ಕೊಡು."

"ಯಾರಿಗೆ?"

"ನನ್ನ ತವರಿಗೆ ಕಳಿಸ್ತೀನಿ. ಯಾರಿಗೆ ಅಂತ ಕೇಳ್ತಾನೆ ನೋಡು! ಸೊಸೆಗೆ."

"ಬಾಲ ಮೂಟೆಗಟ್ಟಲೆ ಬಿದ್ದಿದೆಯಲ್ಲ."

"ಈ ಸಲ ತಲೆ ಹಾಕೋಣ ಅಂತ."

ವಾಂದ ಹೊಗೆಯಿಂದ ಆಚೆ ಬಂದು ಕಣ್ಣೊರೆಸಿಕೊಂಡ. "ತಲೆ ಪೂರ್ತಿ ದಕ್ಷಿಣದ ವ್ಯಾಪಾರಿಗೆ ಮಾತಾಗಿದೆ. ಕಂತೆ ಕಂತೆ ನೋಡಿ ಹೋಗಿದ್ದಾನೆ ಅವನು. ನಡುವಿಂದ ಎರಡು ಕಿತ್ತರೆ, ಒಳ್ಳೇದನ್ನ ಆರಿಸಿಟ್ಕೊಂಡೆ ಅಂತ ಎಲ್ಲಕ್ಕೂ ಬೆಲೆ ಮುರೀತಾನೆ. ನಮ್ಮಮ್ಮ ಸಾಯೋವರೆಗೂ ಬಾಲದ ಸಾರೇ ಕುಡಿದಳು. ಜೆನ್‌ಲುನ ಹೆತ್ತಾಗ ನೀನೂ ಅದನ್ನೇ ಕುಡಿದೆ. ಏನಾಗಿದೆ ನಿಂಗೆ? ಎತ್ತಿನ ಹಾಗೆ ಇದ್ದೀಯ."

ಬಾಗಿಲಲ್ಲಿ ನಿಂತಿದ್ದ ಜೆನ್‌ಲು ಸುಮ್ಮನಿರಲಿಲ್ಲ. "ಒಂದು ಬೇರಿಗೆ ಇಷ್ಟು ವಾದಾನಾ, ಅಪ್ಪ?"

"ನಿನ್ನ ಲಾರಿಗೆ ಡೀಸೆಲ್ ಎಲ್ಲಿಂದ ಬರುತ್ತೆ? ತಲೆಯಿಂದ. ಆಸ್ಪತ್ರೆಗೆ ಕಟ್ಟಿದ್ದು ಎಲ್ಲಿಂದ? ತಲೆಯಿಂದ. ಈಗ ತಲೇನೇ ಬೇಯಿಸಿ ತಿಂದ್ರೆ ನಾಳೆ ಅವಳನ್ನ ಯಾವುದರಲ್ಲಿ ಕರ್ಕೊಂಡು ಹೋಗ್ತೀಯ, ಹೆಗಲ ಮೇಲಾ?"

"ಹೆಗಲ ಮೇಲೇ ಹೊತ್ಕೊಂಡು ಹೋಗ್ತೀನಿ! ನಿನ್ನನ್ನ ಮಾತ್ರ ಕೇಳಲ್ಲ."

ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಶ್ಯೂಚಿನ್ ಅಲ್ಲಿಂದಲೇ ಕೂಗಿದಳು. "ಅಯ್ಯೋ, ಸಾಕು ಬಿಡ್ರಪ್ಪ! ನಂಗೆ ಬಾಲದ ಸಾರೇ ಇಷ್ಟ. ತಲೆ ಕಹಿ."

ಜಗಳ ಅಲ್ಲಿಗೆ ನಿಂತಿತು. ಯೂಲ್ಯಾನ್ ಎರಡು ಹಿಡಿ ಬಾಲಬೇರು ತೊಳೆದು, ಶಕ್ತಿಗೆಂದು ಹಾಕುವ ಹ್ವಾಂಗ್‌ಚಿ ಬೇರಿನ ಹಳದಿ ಚೂರುಗಳ ಜೊತೆ ಕೋಳಿಯ ಹೊಟ್ಟೆಗೆ ತುಂಬಿ, ಮಣ್ಣಿನ ಗಡಿಗೆಯಲ್ಲಿ ಸಣ್ಣ ಉರಿಗಿಟ್ಟಳು. ಬಾಣಂತಿತನದಲ್ಲಿ ತನ್ನನ್ನು ಎಬ್ಬಿಸಿ ಕೂರಿಸಿದ ಸಾರು ಸೊಸೆಯನ್ನು ಎಬ್ಬಿಸದೆ ಇರುತ್ತದೆಯೇ ಎಂದು ಅವಳ ಧೈರ್ಯ. ಹೆತ್ತವಳ ಒಡಲಿನಿಂದ ಹಳೇ ರಕ್ತ ಹೊರಗೆ ಹೋಗಬೇಕು, ಇವಳ ಒಡಲಲ್ಲಿ ಇರುವುದೂ ಹೊರಗೆ ಹೋಗಬಾರದು ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಬಟ್ಟಲು. ಕೋಳಿ ಮುಗಿದರೆ ಹಂದಿಯ ಮೂಳೆ, ಅದೂ ಇಲ್ಲದಿದ್ದರೆ ಬರೀ ಮೊಟ್ಟೆ ಮತ್ತು ಕೆಂಪು ಖರ್ಜೂರ. ಬಾಲಬೇರು ಮಾತ್ರ ತಪ್ಪುತ್ತಿರಲಿಲ್ಲ. ಶ್ಯೂಚಿನ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊನೆಯ ಹನಿಯವರೆಗೆ ಕುಡಿದು, ತಳ ತೋರಿಸಿ ಕೊಡುತ್ತಿದ್ದಳು. ಔಷಧವಲ್ಲ, ಊಟ ಎಂದು ಸಾಧಿಸುತ್ತಿದ್ದ ಯೂಲ್ಯಾನ್ ಬೆಂದ ಚರಟವನ್ನು ಮಾತ್ರ ಔಷಧದ ಚರಟದಂತೆಯೇ ಊರ ಕವಲುದಾರಿಗೆ ಒಯ್ದು ಸುರಿಯುತ್ತಿದ್ದಳು. ದಾರಿಹೋಕರು ತುಳಿದರೆ ಬೇನೆ ಅವರ ಕಾಲಿಗಂಟಿಕೊಂಡು ಊರಾಚೆ ಹೋಗುತ್ತದೆ ಎಂಬುದು ನಮ್ಮವರ ನಂಬಿಕೆ.

ವಾರ ಕಳೆಯುವುದರೊಳಗೆ ಸೊಸೆಯ ಕೆನ್ನೆಗೆ ಬಣ್ಣ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ಬಾವಿಯಿಂದ ನೀರು ತರುವಂತಾದಳು. ಮೊದಲ ಪರೀಕ್ಷೆ ಮುಗಿಸಿ ಬಂದ ಜೆನ್‌ಲು ಲಾರಿಯಿಂದ ಇಳಿಯುವಾಗಲೇ ನಗುತ್ತಿದ್ದ.

"ಕೆಂಪು ಕಣ ಏರಿದೆ, ಅಮ್ಮ! ಬಿಳಿಯದ್ದೂ ಸ್ವಲ್ಪ ಏರಿದೆ. ಮಾತ್ರೆ ಹಿಡಿದಿದೆ ಅಂದ್ರು."

"ಮಾತ್ರೆಯಂತೆ ಮಾತ್ರೆ!" ಯೂಲ್ಯಾನ್ ಸೌಟು ಎತ್ತಿ ತೋರಿಸಿದಳು. "ಯಾವುದು ಹಿಡಿದಿದೆ ಅಂತ ನಂಗೊತ್ತು."

"ಒಂದು ಮಾತ್ರ ಇಳಿದಿದೆ. ಆ ಪ್ಲೇಟ್‌ಲೆಟ್ಟು."

"ಎರಡು ಏರಿದ ಮೇಲೆ ಮೂರನೇದು ಎಲ್ಲಿ ಹೋಗುತ್ತೆ? ಅದೂ ಏರುತ್ತೆ. ನಾಳೆಯಿಂದ ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು."

ಊಟದ ಹೊತ್ತಿಗೆ ವಾಂದ ಬಾರ್ಲಿ ಸಾರಾಯಿಯ ಬಾಟಲಿ ತೆಗೆದ. "ಈಗ ಏನಂತೀಯಪ್ಪ? ಬಾಲ ಬೇಡ ಅಂತ ಹಾರಾಡಿದೆಯಲ್ಲ" ಎಂದು ಮಗನನ್ನು ಚುಚ್ಚಿದ. ಜೆನ್‌ಲು ತಲೆ ತಗ್ಗಿಸಿ ನಕ್ಕು, ಅಪ್ಪನ ಲೋಟಕ್ಕೆ ತಾನೇ ಸುರಿದ. ಮನೆಯಲ್ಲಿ ಬಹಳ ದಿನದ ಮೇಲೆ ನಗು ಕೇಳಿತು. ಅಷ್ಟು ಜನರಲ್ಲಿ ಇಳಿದದ್ದರ ಬಗ್ಗೆ ಮತ್ತೆ ಕೇಳಿದವರು ಒಬ್ಬರೂ ಇಲ್ಲ.

ಚಳಿ ಬಲಿಯಿತು. ತಾವ್ ನದಿಯ ಅಂಚಿನಲ್ಲಿ ನೀರು ಹೆಪ್ಪುಗಟ್ಟತೊಡಗಿತು. ಒಂದು ದಿನ ತಾವ್‌ತಾವ್ ಅಜ್ಜಿಯ ಬಳಿ ಅಳುತ್ತ ಬಂದಳು. "ಅಜ್ಜೀ, ನಾನು ಅಮ್ಮನ ಕೈ ಮೆತ್ತಗೆ ಹಿಡಿದಿದ್ದೆ. ಜೋರಾಗಿ ಹಿಡೀಲಿಲ್ಲ. ಆದ್ರೂ ನೀಲಿ ಆಯ್ತು."

ಯೂಲ್ಯಾನ್ ಸೊಸೆಯ ಅಂಗಿಯ ತೋಳನ್ನು ಮೇಲೆ ಸರಿಸಿ ನೋಡಿದಳು. ಮಣಿಕಟ್ಟಿನ ಸುತ್ತ ಪುಟ್ಟ ಬೆರಳುಗಳ ಗುರುತು, ನೇರಳೆ ಹಣ್ಣು ಜಜ್ಜಿದಂತೆ. ಅದರ ಮೇಲಕ್ಕೆ, ಮೊಣಕೈವರೆಗೆ, ಹಳೆಯವು ಹಸಿರು ಹಳದಿಯಾಗಿ ಹರಡಿದ್ದವು.

"ಇದೇನೇ ಇದು? ಜೆನ್‌ಲು ಏನಾದ್ರೂ..."

"ಛೆ, ಅವರು ಯಾಕೆ ಹೊಡೀತಾರೆ, ಅಮ್ಮ? ಕೆಲಸ ಮಾಡುವಾಗ ತಾಗಿರುತ್ತೆ." ಶ್ಯೂಚಿನ್ ತೋಳು ಎಳೆದುಕೊಂಡಳು.

ಅದೇ ವಾರ ಹಬೆಯಲ್ಲಿ ಬೇಯಿಸಿದ ಬಿಳಿ ರೊಟ್ಟಿಯನ್ನು ಶ್ಯೂಚಿನ್ ಕಚ್ಚಿ ತಟ್ಟೆಗಿಟ್ಟಾಗ, ಕಚ್ಚಿದ ಅಂಚು ಕೆಂಪಾಗಿತ್ತು. ಅವಳು ಬೇಗ ತಿರುಗಿಸಿಟ್ಟಳು. ಯೂಲ್ಯಾನ್ ಅಷ್ಟರಲ್ಲಿ ನೋಡಿಯಾಗಿತ್ತು.

ಮನುಷ್ಯನಿಗೆ ಬೇಕಾದ ಅರ್ಥವನ್ನು ಮನಸ್ಸು ಎಷ್ಟು ಬೇಗ ಹುಡುಕಿಕೊಡುತ್ತದೆ ನೋಡಿ. ಒಸಡಿನಿಂದ ಜಿನುಗುವಷ್ಟು ರಕ್ತ ಬಂದಿದೆ, ತುಂಬಿದ ಕೊಡ ತುಳುಕುತ್ತಿದೆ ಎಂದುಕೊಂಡಳು ಅವಳು. ಹಾಗೆ ಅಂದುಕೊಂಡು ಸಂಜೆಯ ಸಾರಿಗೆ ಇನ್ನೂ ಅರ್ಧ ಹಿಡಿ ಬೇರು ಹೆಚ್ಚು ಹಾಕಿದಳು.

"ಅಮ್ಮ, ಇವತ್ತೊಂದು ದಿನ ಬಿಡೋಣ್ವಾ?" ಎಂದಳು ಶ್ಯೂಚಿನ್ ಬಟ್ಟಲು ನೋಡಿ, ಮೊದಲ ಸಲ.

"ಯಾಕೆ, ರುಚಿಯಾಗಿಲ್ವಾ?"

"ಹಾಗಲ್ಲ... ಕೊಡಿ." ಕುಡಿದು ತಳ ತೋರಿಸಿದಳು.

ಮರುದಿನ ಮಧ್ಯಾಹ್ನ ಯೂಲ್ಯಾನ್ ಕವಲುದಾರಿಗೆ ಚರಟ ಸುರಿದು ಬಂದು ಅಂಗಳ ಗುಡಿಸುತ್ತಿದ್ದಳು. ಪೇಟೆಯಿಂದ ಬರುತ್ತಿದ್ದ ವಾಂದ ಆ ಕವಲಿನಲ್ಲೇ ನಿಂತುಬಿಟ್ಟದ್ದು ಬೇಲಿಯ ಸಂದಿನಿಂದ ಕಾಣಿಸಿತು. ಬೂಟಿನ ತುದಿಯಿಂದ ಚರಟವನ್ನು ಹರಡಿದ. ಬಗ್ಗಿ ನೋಡಿದ. ಹೊಸದರ ಕೆಳಗೆ ನಿನ್ನೆಯದು, ಅದರ ಕೆಳಗೆ ಮೊನ್ನೆಯದು, ಎಲ್ಲ ಬರೀ ಬಾಲವೇ, ಮಂಜಿನಲ್ಲಿ ಒಂದೇ ಗಟ್ಟಿಯಾಗಿ ಕೂತಿತ್ತು. ಸುತ್ತ ನೋಡಿ, ಕಾಲಲ್ಲೇ ಹಿಮ ತಳ್ಳಿ ಅದನ್ನು ಮುಚ್ಚಿದ.

ಮನೆಗೆ ಬಂದವನು ಯಾರನ್ನೂ ಬೈಯಲಿಲ್ಲ. ಅದೇ ಒಂದು ವಿಚಿತ್ರ. ಊಟಕ್ಕೆ ಕೂತಾಗ ಸೊಸೆಯ ಕೈಯನ್ನೇ ನೋಡುತ್ತಿದ್ದ.

"ಆ ನೀಲಿ ಯಾವಾಗಿಂದ?"

"ಏನಿಲ್ಲ, ಅಪ್ಪ. ತಾಗಿದ್ದು."

ಅವನು ಬಟ್ಟಲು ಕೆಳಗಿಟ್ಟ. ಎದ್ದು ಹೊಗೆಮನೆಗೆ ಹೋದ. ಬಂದು ಯೂಲ್ಯಾನ್‌ಳ ಮುಂದೆ ಮುಷ್ಟಿ ಗಾತ್ರದ ಒಂದು ತಲೆಬೇರು ಇಟ್ಟ.

ಅವಳು ಕಣ್ಣರಳಿಸಿದಳು. "ಸೂರ್ಯ ಪಡುವಣದಲ್ಲಿ ಹುಟ್ಟಿದ್ನಾ ಇವತ್ತು? ನಿಮ್ಮಮ್ಮನಿಗೂ ಕೊಡದೇ ಇದ್ದದ್ದು!"

"ಬಾಯ್ಮುಚ್ಚು. ಇನ್ಮೇಲೆ ಇದನ್ನ ಮಾತ್ರ ಹಾಕು. ಬಾಲ ಹಾಕ್ಬೇಡ."

"ಯಾಕೆ?"

"ಹಾಕ್ಬೇಡ ಅಂದ್ರೆ ಹಾಕ್ಬೇಡ."

"ಅದೇ ಯಾಕೆ ಅಂತ?"

ವಾಂದ ಬಾಯಿ ತೆರೆದ. ಎದುರಿಗೆ ಮಗ ಕೂತಿದ್ದ, ಪಕ್ಕದಲ್ಲಿ ಸೊಸೆ. "ಎಲ್ಲಾದಕ್ಕೂ ಯಾಕೆ ಯಾಕೆ! ಕೊಟ್ಟಿದ್ದು ಬೇಯಿಸೋಕಾಗಲ್ವಾ?" ಎಂದು ಗದರಿ ಟೋಪಿ ಹಾಕಿಕೊಂಡು ಹೊರಟುಹೋದ. ಹೇಳಿಬಿಟ್ಟಿದ್ದರೆ ಅವನ ಮೀಸೆಯೇನೂ ಉದುರುತ್ತಿರಲಿಲ್ಲ. ಆದರೆ ಅರವತ್ತು ದಾಟಿದ ಬೇರಿನ ವ್ಯಾಪಾರಿ, ನನ್ನ ಮನೆಯ ಸೊಸೆಗೆ ಇಷ್ಟು ದಿನ ನಾನೇ ತಪ್ಪು ಬೇರು ಕುಡಿಸಿದೆ ಎಂದು ಮಗನ ಮುಂದೆ ಹೇಳುವುದು ಸುಲಭವಲ್ಲ.

ಯೂಲ್ಯಾನ್ ಆ ತಲೆಬೇರನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಒಂದೇ ಸಲಕ್ಕೆ ಹಾಕಿ ಮುಗಿಸುವ ವಸ್ತುವೇ ಅದು? ತೆಳ್ಳಗೆ ಹೆಚ್ಚಿ, ದಿನಕ್ಕೆ ಎರಡು ಚೂರು ಎಂದು ತೆಗೆದಿಟ್ಟಳು. ಎರಡು ಚೂರಿನ ಸಾರು ನೀರಿನ ಹಾಗೆ ತೆಳ್ಳಗೆ ಕಂಡಿತು. ಇಷ್ಟು ತಿಳಿಯಾದ ಸಾರನ್ನು ಕೊಟ್ಟರೆ ಗಂಡ ಒಳ್ಳೆಯ ಬೇರು ಕೊಟ್ಟದ್ದಕ್ಕೆ ಅರ್ಥವೇನು? ಎಂದಿನಂತೆ ಎರಡು ಹಿಡಿ ಬಾಲವನ್ನೂ ಹಾಕಿದಳು. ತಲೆಯೂ ಇದೆ, ಬಾಲವೂ ಇದೆ, ಇನ್ನೇನು ಬೇಕು ಎಂದು ಖುಷಿಯಾಗಿಯೇ ಮುಚ್ಚಳ ಮುಚ್ಚಿದಳು.

ಆ ವಾರ ಪರೀಕ್ಷೆಗೆ ಹೋಗಬೇಕಿತ್ತು. ದಾರಿಯಲ್ಲಿ ಹಿಮ ಬಿದ್ದು ಘಾಟಿ ಮುಚ್ಚಿತ್ತು. ತೆರೆದ ಮೇಲೆ ಹೋದರಾಯಿತು ಎಂದರು ಎಲ್ಲರೂ. ಬಣ್ಣ ಚೆನ್ನಾಗಿಯೇ ಇತ್ತಲ್ಲ.

ಒಂದು ಮಧ್ಯಾಹ್ನ ಶ್ಯೂಚಿನ್ ನೂಡಲ್ಸ್‌ಗೆ ಹಿಟ್ಟು ಲಟ್ಟಿಸುತ್ತಿದ್ದಳು. ಹಿಟ್ಟಿನ ಮೇಲೆ ಒಂದು ಕೆಂಪು ಹನಿ ಬಿತ್ತು. ಅವಳು ಮೂಗಿಗೆ ಕೈ ಒತ್ತಿದಳು. ಬೆರಳ ಸಂದಿನಿಂದ ಇನ್ನೊಂದು, ಮತ್ತೊಂದು. ಯೂಲ್ಯಾನ್ ತಣ್ಣೀರು ತಟ್ಟಿದಳು, ಹತ್ತಿ ತುರುಕಿದಳು, ತಲೆ ಹಿಂದಕ್ಕೆ ವಾಲಿಸಿದಳು. ಹತ್ತಿ ತೊಯ್ದು ತೊಟ್ಟಿಕ್ಕಿತು. ಹಿಂದಕ್ಕೆ ವಾಲಿಸಿದ್ದು ಗಂಟಲಿಗೆ ಇಳಿದು ಶ್ಯೂಚಿನ್ ಕೆಮ್ಮಿದಾಗ ಎದುರಿದ್ದ ಅತ್ತೆಯ ಅಂಗಿಯೆಲ್ಲ ಕೆಂಪಾಯಿತು.

"ಜೆನ್‌ಲೂ! ಲಾರಿ ತೆಗೆಯೋ! ಬೇಗ ತೆಗೆಯೋ!"

ಘಾಟಿ ಇನ್ನೂ ತೆರೆದಿರಲಿಲ್ಲ. ಹತ್ತಿರದ ಆಸ್ಪತ್ರೆಗೇ ಹೋಗಬೇಕಾಯಿತು. ಅಲ್ಲಿಯ ಎಳೆಯ ಡಾಕ್ಟರು ಮೂಗಿಗೆ ಗಟ್ಟಿಯಾಗಿ ಬಟ್ಟೆ ತುಂಬಿ, ರಕ್ತ ತೆಗೆದು ನೋಡಿ, ಯಾರಿಗೋ ಫೋನು ಮಾಡಿದ. ಪ್ಲೇಟ್‌ಲೆಟ್ ಸುತ್ತುದಾರಿಯಲ್ಲಿ ತರಿಸಬೇಕು, ಸಂಜೆಯ ಮುಂಚೆ ಬರುವುದಿಲ್ಲ ಎಂದ.

"ಬೇರೆ ಏನಾದ್ರೂ ಔಷಧ ಕೊಟ್ಟಿದ್ದೀರಾ?"

"ಇಲ್ಲ" ಎಂದ ಜೆನ್‌ಲು.

"ಇಲ್ಲಪ್ಪ" ಎಂದಳು ಯೂಲ್ಯಾನ್.

"ಎಣಿಕೆ ಕಡಿಮೆ ಇದೆ, ನಿಜ. ಆದ್ರೂ ರಕ್ತ ಇಷ್ಟು ಹರೀಬಾರದು. ನೆನಪು ಮಾಡ್ಕೊಳ್ಳಿ."

ಗೋಡೆಗೊರಗಿ ನಿಂತಿದ್ದ ವಾಂದ ಟೋಪಿ ತೆಗೆದ. "ದಾಂಗ್‌ಗ್ವೇ ಕುಡಿಸಿದ್ದೀವಿ ಡಾಕ್ಟ್ರೇ. ಬಾಲ. ದಿನಾ ಎರಡು ಬಟ್ಟಲು. ಆಮೇಲೆ ನಿಲ್ಲಿಸಿದ್ವಿ."

"ನಿಲ್ಲಿಸಿಲ್ಲ" ಎಂದಳು ಯೂಲ್ಯಾನ್. ಏನಾಗುತ್ತಿದೆಯೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. "ಇವತ್ತು ಬೆಳಿಗ್ಗೇನೂ ಕೊಟ್ಟೆ. ಅದು ಸಾರಲ್ವಾ?"

ಡಾಕ್ಟರು ಅವಳ ಕಡೆ ತಿರುಗಿದ. "ಮೂಲ ರೋಗ ಅದರಿಂದ ಬಂದಿದ್ದಲ್ಲ. ಎಷ್ಟು ರೋಗದಿಂದ, ಎಷ್ಟು ಸಾರಿಂದ ಅಂತ ನಾನು ಹೇಳಲಾರೆ. ಆದ್ರೆ ಇಷ್ಟು ಕಡಿಮೆ ಪ್ಲೇಟ್‌ಲೆಟ್ ಇರೋರಿಗೆ ಒಂದು ಗುಟುಕೂ ಕೊಡಬಾರದಿತ್ತು" ಎಂದು ಹೇಳಿ ಮತ್ತೆ ಫೋನಿಗೆ ಓಡಿದ.

ಯೂಲ್ಯಾನ್ ಗಂಡನ ಕಡೆ ತಿರುಗಿದಳು. "ಬಾಲ ಹಾಕ್ಬೇಡ ಅಂದೆಯಲ್ಲ. ನಿಂಗೆ ಗೊತ್ತಿತ್ತಾ?"

"ಚರಟ ನೋಡಿದ ದಿನ ಹೊಳೀತು."

"ಹೊಳೆದಿದ್ದು ಬಾಯಿಗೆ ಬರಲಿಲ್ವಾ?"

"ತಲೆ ಕೊಟ್ಟೆನಲ್ಲ..."

"ತಲೆ ಕೊಟ್ಟೆ! ಯಾಕೆ ಅಂತ ಕೇಳಿದ್ರೆ ಟೋಪಿ ಹಾಕ್ಕೊಂಡು ಹೋದೆ! ಆ ಒಂದು ಮಾತಿಗೆ ಏನು ಬೆಲೆ ಇತ್ತೋ ನಿನ್ನ ಪೇಟೇಲಿ?" ಅವಳ ಕೂಗಿಗೆ ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ವಾಂದ ಟೋಪಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದ. ಜೆನ್‌ಲು ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಪ್ಲೇಟ್‌ಲೆಟ್ ಹೊತ್ತು ತರುವ ಗಾಡಿಗೆ ಎದುರು ಹೋಗುತ್ತೇನೆಂದು ಹೊರಟುಹೋದ.

ಯೂಲ್ಯಾನ್ ಸೊಸೆಯ ಮಂಚದ ಬಳಿ ಕೂತಳು. ಮೂಗಿನ ರಕ್ತ ನಿಂತಿತ್ತು. ಮುಖ ಮಾತ್ರ ಹಾಸಿಗೆಯ ಬಟ್ಟೆಯಲ್ಲಿ ಕರಗಿಹೋಗುವಷ್ಟು ಬೆಳ್ಳಗಿತ್ತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎನ್ನಿಸಿತು. ಈ ಮನೆಯಲ್ಲಿ ಹೇಳದೆ ಉಳಿದದ್ದು ಸಾಕು.

"ಶ್ಯೂಚಿನ್, ನನ್ನ ಕೈಯಾರೆ ಹೀಗೆ ಮಾಡಿದೆ ಕಣೇ. ಆ ಸಾರು ರಕ್ತ ಓಡಿಸುತ್ತಂತೆ. ಬಾಲ ಹಾಕ್ಬಾರದಿತ್ತಂತೆ. ನಂಗೆ ಹೊಳೀಲಿಲ್ಲ ಕಣೇ."

ಶ್ಯೂಚಿನ್ ಕಣ್ಣು ತೆರೆದಳು.

"ನಂಗೊತ್ತಿತ್ತು, ಅಮ್ಮ."

"ಏನು?"

"ಮದುವೆಗೆ ಮುಂಚೆ ಬೇರು ಹೆಚ್ಚೋ ಮಂಡೀಲೇ ಅಲ್ವಾ ನಾನಿದ್ದದ್ದು? ತಲೆ ಯಾವ ಡಬ್ಬಕ್ಕೆ, ಬಾಲ ಯಾವ ಡಬ್ಬಕ್ಕೆ, ಯಾತಕ್ಕೆ ಅಂತೆಲ್ಲ ಹೇಳಿಕೊಟ್ಟಿದ್ರು. ಮೊದಲ ಸಲ ಏರಿತಲ್ಲ, ಏನೂ ಆಗಲ್ಲ ಅಂದ್ಕೊಂಡೆ. ಆಮೇಲೆ ನೀಲಿ ಬಂದಾಗ ಹೆದರಿಕೆ ಆಯ್ತು."

"ಮತ್ತೆ ಯಾಕೇ ಕುಡಿದೆ? ಒಂದು ಮಾತು ಬೇಡ ಅನ್ನೋಕಾಗ್ಲಿಲ್ವಾ?"

"ಬೇಡ ಅಂದ್ರೆ ತಲೆಬೇರು ಕೇಳಿದ ಹಾಗಾಗುತ್ತೆ ಅಂತ." ಅವಳು ನಗಲು ನೋಡಿದಳು. ಹಲ್ಲಿನ ಸಂದಿಯೆಲ್ಲ ಕೆಂಪಾಗಿತ್ತು. "ಅಪ್ಪನೂ ಅವರೂ ಮತ್ತೆ ಜಗಳ ಆಡ್ತಾರೆ. ನೀವು ಬೇರೆ ಕೋಳಿ ಕೊಯ್ದು ಮಾಡಿದ್ದು..."

ಯೂಲ್ಯಾನ್‌ಗೆ ಅಳು ಬರಲಿಲ್ಲ. ಇಂಥ ಹೊತ್ತಿನಲ್ಲಿ ಬರುವಷ್ಟು ಒಳ್ಳೆಯದಲ್ಲ ಅಳು. ಮನೆಗೆ ಹೋದೊಡನೆ ಅಟ್ಟಣಿಗೆಯ ಕಂತೆಗಳನ್ನೆಲ್ಲ ಎಳೆದು ಅಂಗಳಕ್ಕೆ ಬಿಸಾಡುತ್ತೇನೆ, ತಲೆಯನ್ನೇ ಬೇಯಿಸಿ ಹಂದಿಗೂ ಹಾಕುತ್ತೇನೆ ಎಂದು ಏನೇನೋ ಹೇಳುತ್ತಿದ್ದಳು. ಶ್ಯೂಚಿನ್ ಕೇಳುತ್ತಿದ್ದಳೋ ಇಲ್ಲವೋ. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

"ಅಮ್ಮ, ಆ ಪರದೆ ಎಳೀತೀರಾ? ತಲೆ ಯಾಕೋ ತುಂಬಾ ನೋಯ್ತಿದೆ."

ಯೂಲ್ಯಾನ್ ಎದ್ದು ಪರದೆ ಎಳೆದಳು. ಎಳೆದು ಮುಗಿಸುವಷ್ಟರಲ್ಲಿ, ತಲೆ ಒಳಗೇ ರಕ್ತ ಸೋರಬಹುದಂತೆ ಎಂದು ಮಗ ಅಂದು ಜಗಲಿಯಲ್ಲಿ ಅರ್ಧಕ್ಕೆ ನುಂಗಿದ ಮಾತು ಅವಳಿಗೆ ನೆನಪಾಯಿತು. "ಡಾಕ್ಟ್ರೇ!" ಎಂದು ಚೀರಿ, ಮಂಚಕ್ಕೆ ಹಾರಿ ಬಂದು, ಸೊಸೆಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದರೂ ಆ ಕೈ ತಿರುಗಿ ಹಿಡಿಯಲಿಲ್ಲ.